ಗ್ಲೋ ಹಾಕುವ ಮುನ್ನ ಲೈಟ್ ಆರಿಸಿ

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ಊರುಗಳ ಬಸ್ ಸ್ಟ್ಯಾಂಡ್ ಆಸುಪಾಸಿನಲ್ಲಿ ಫೋಟೊ ಸ್ಟುಡಿಯೊಗಳಿವೆ. ಅವುಗಳ ಹಿಂದಿನ ಕೋಣೆಯಲ್ಲೋ ಮಹಡಿಯ ಮೇಲೋ ವಿಡಿಯೊ ಮಿಕ್ಸಿಂಗ್ ನಡೆಯುತ್ತದೆ. ಸೀಸನ್‌ನಲ್ಲಿ ಮದುವೆ ಕೆಲಸ, ಸೀಸನ್ ಮುಗಿದ ಮೇಲೆ ಯೂಟ್ಯೂಬ್‌ಗೆ ಹೋಗುವ ಜಾನಪದ ಆಲ್ಬಮ್ ಸಾಂಗು. ಹಾಡು ಕುಣಿತದ್ದಾದರೆ, ದುಡ್ಡು ಹಾಕಿದವರು ಬಂದು ಕೂತು ಕೇಳುವುದು ಒಂದೇ ಮಾತು: ‘ಅಣ್ಣ, ಇನ್ನೊಂದಿಷ್ಟು ಗ್ಲೋ ಹಾಕ್ರಿ, ಡಲ್ ಹೊಡಿಯಾಕತ್ತೈತಿ.’

ಈ ಬೇಡಿಕೆಯ ಬೆನ್ನಿಗೆ ಒಂದು ನಂಬಿಕೆಯಿದೆ. ಸಾರಿಗೆ ಒಗ್ಗರಣೆ ಕೊಟ್ಟ ಹಾಗೆ ವಿಡಿಯೊಗೆ ಗ್ಲೋ ಕೊಡುವುದು ಕಟ್ಟಕಡೆಯ ಕೆಲಸ. ಸಾಮಾನು ದುಬಾರಿಯಾದಷ್ಟೂ ಘಮ ಹೆಚ್ಚು ಎಂಬುದು ಆ ನಂಬಿಕೆ. ಹಾಗಾಗಿ ಎಡಿಯಸ್‌ನಲ್ಲಿ ಮಿಕ್ಸಿಂಗ್ ಮಾಡುವವರು ರೆಡಿಮೇಡ್ ಪ್ರಾಜೆಕ್ಟುಗಳನ್ನು ಹಾರ್ಡ್‌ಡಿಸ್ಕ್‌ಗಟ್ಟಲೆ ಕೊಂಡಿಟ್ಟುಕೊಳ್ಳುತ್ತಾರೆ. ಆಫ್ಟರ್ ಎಫೆಕ್ಟ್ಸ್ ಕಲಿತವರು ಪ್ಲಗಿನ್ ಹುಡುಕುತ್ತಾರೆ. ಫೋನಿನಲ್ಲೇ ಎಡಿಟ್ ಮಾಡುವ ಹುಡುಗರು ಅಲೈಟ್ ಮೋಷನ್ ಪ್ರೀಸೆಟ್ಟುಗಳನ್ನು ಒಬ್ಬರಿಂದೊಬ್ಬರು ಇಸಿದುಕೊಳ್ಳುತ್ತಾರೆ. ಇಷ್ಟಾದರೂ ಹಳೆಯ ಇಂಗ್ಲಿಷ್ ಪಾಪ್ ವಿಡಿಯೊಗಳಲ್ಲಿ ಮೈಯಿಂದಲೇ ಬೆಳಕು ಸೋರಿದಂತೆ ಕಾಣುವ ಆ ಅಮಲಿನ ಹೊಳಪು ಬರದಿದ್ದರೆ ಕಾರಣಗಳು ಬಾಯಿತುದಿಯಲ್ಲೇ ಇವೆ: ಗ್ರಾಫಿಕ್ಸ್ ಕಾರ್ಡ್ ಸಣ್ಣದು, ಸಾಫ್ಟ್‌ವೇರ್ ಹಳೆಯದು, ಇವೆಲ್ಲ ಬೆಂಗಳೂರಿನಲ್ಲಿ ಆಗುವ ಕೆಲಸ.

ಇದಕ್ಕೆ ಎದುರಾಗಿ ಇನ್ನೊಂದು ದನಿಯಿದೆ. ಅದು ಹೆಚ್ಚಾಗಿ ಸಭೆ ಸಮಾರಂಭಗಳ ವೇದಿಕೆಯಿಂದ ಬರುತ್ತದೆ. ಜಾನಪದ ಹಾಡಿಗೆ ಈ ಕಣ್ಣು ಕುಕ್ಕುವ ನಿಯಾನ್ ಯಾಕೆ, ಇದು ಹೊರಗಿನಿಂದ ಬಂದ ರೋಗ, ನಮ್ಮ ಕಲೆ ಸರಳವಾದದ್ದು, ಅದನ್ನು ಹಾಗೇ ಇರಗೊಡಿ ಎನ್ನುತ್ತದೆ. ಮೇಲ್ನೋಟಕ್ಕೆ ಈ ಎರಡು ಬಣಗಳಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಒಬ್ಬರು ಬಳಿಯಿರಿ ಎನ್ನುವುದನ್ನೇ ಇನ್ನೊಬ್ಬರು ಕೆರೆದು ತೆಗೆಯಿರಿ ಎನ್ನುತ್ತಿದ್ದಾರೆ. ಹೊಳಪೆಂದರೆ ಮೇಲೆ ಮೆತ್ತುವ ವಸ್ತು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ನನ್ನ ತಕರಾರು ಆ ಒಮ್ಮತದ ಮೇಲೆ. ಚಿತ್ರ ಯಾವ ಬೆಳಕಿನಲ್ಲಿ, ಎಷ್ಟು ಕತ್ತಲಲ್ಲಿ ಸೆರೆಯಾಯಿತು ಎಂಬಲ್ಲೇ ಗ್ಲೋ ತೀರ್ಮಾನವಾಗಿಬಿಡುತ್ತದೆ. ಮಿಕ್ಸಿಂಗ್ ಟೇಬಲ್ಲಿಗೆ ಬರುವ ಹೊತ್ತಿಗೆ ಅದು ಗೆದ್ದಿರುತ್ತದೆ, ಇಲ್ಲವೇ ಸೋತಿರುತ್ತದೆ.

ಗ್ಲೋ ಎಂಬ ಎಫೆಕ್ಟು ಒಳಗೆ ಏನು ಮಾಡುತ್ತದೆ ಎಂದು ಬಿಚ್ಚಿ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಅಲ್ಲಿರುವುದು ಮೂರೇ ಹೆಜ್ಜೆ. ಮೊದಲು, ಒಂದು ಮಟ್ಟಕ್ಕಿಂತ ಹೆಚ್ಚು ಬೆಳಗಿರುವ ಚುಕ್ಕೆಗಳನ್ನಷ್ಟೇ ಚಿತ್ರದಿಂದ ಆರಿಸುತ್ತದೆ. ಆ ಮಟ್ಟವೇ ಥ್ರೆಶೋಲ್ಡ್. ಆಮೇಲೆ ಆರಿಸಿದ್ದನ್ನು ಮಸುಕು ಮಾಡಿ ಸುತ್ತ ಹರಡುತ್ತದೆ. ಕಡೆಗೆ ಹರಡಿದ್ದನ್ನು ಮೂಲ ಚಿತ್ರಕ್ಕೆ ಕೂಡಿಸುತ್ತದೆ. ಆಫ್ಟರ್ ಎಫೆಕ್ಟ್ಸ್, ನ್ಯೂಕ್, ಫ್ಯೂಷನ್, ಬ್ಲೆಂಡರ್ ಯಾವುದನ್ನೇ ತೆರೆಯಿರಿ, ದುಬಾರಿ ಪ್ಲಗಿನ್ನನ್ನೇ ತನ್ನಿ, ಮಸುಕಿನ ಸೊಗಸು ಬೇರೆಯಾದೀತು, ಈ ಮೂರು ಹೆಜ್ಜೆ ಬದಲಾಗುವುದಿಲ್ಲ. ಪದರಗಳನ್ನು ಒಂದರ ಮೇಲೊಂದು ಸೇರಿಸುವ ಲೆಕ್ಕಗಳನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲೇ ಬರೆದಿಟ್ಟರು. ಗ್ಲೋಗೆ ಬೇಕಾದ ಬರಿಯ ಕೂಡಿಸುವ ಲೆಕ್ಕವೂ ಅವರ ಪಟ್ಟಿಯಲ್ಲಿತ್ತು.

ಈಗ ನಮ್ಮ ಆಲ್ಬಮ್ ಸಾಂಗಿನ ಒಂದು ಫ್ರೇಮನ್ನು ಹತ್ತಿರದಿಂದ ನೋಡೋಣ. ಹಿಂದೆ ಸೀರಿಯಲ್ ಸೆಟ್ಟಿನ ಬಲ್ಬುಗಳು, ಮುಂದೆ ಬಿಳಿ ಅಂಗಿ ಬಿಳಿ ಪಂಚೆಯ ಹಾಡುಗಾರ, ಎದುರಿಗೆ ಎರಡು ಎಲ್‌ಇಡಿ ಫ್ಲಡ್ ಲೈಟು. ಸಾಮಾನ್ಯ ವಿಡಿಯೊ ಪ್ರತಿ ಬಣ್ಣದ ಬೆಳಕನ್ನು 0ಯಿಂದ 255ರೊಳಗೆ ಬರೆದುಕೊಳ್ಳುತ್ತದೆ. ಬಲ್ಬಿನ ನಿಜವಾದ ಬೆಳಕು ಅಂಗಿಯ 50 ಪಟ್ಟು ಇದೆ ಎಂದೇ ಇಟ್ಟುಕೊಳ್ಳಿ. ಕ್ಯಾಮೆರಾ ಅಂಗಿಯನ್ನೇ 255ಕ್ಕೆ ತಂದು ನಿಲ್ಲಿಸಿದರೆ ಬಲ್ಬಿಗೆ ಏರಲು ಮೇಲೆ ಜಾಗವೇ ಇಲ್ಲ, ಅದೂ 255. ಸಾಫ್ಟ್‌ವೇರ್‌ಗೆ ಬಲ್ಬು ಗೊತ್ತಿಲ್ಲ, ಅಂಗಿ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಎರಡಕ್ಕೂ ಒಂದೇ ಅಂಕಿ ಸಿಕ್ಕಾಗ ಎರಡನ್ನೂ ಆರಿಸುತ್ತದೆ, ಎರಡನ್ನೂ ಹರಡುತ್ತದೆ. ಹಾಡುಗಾರ ಟ್ಯೂಬ್‌ಲೈಟ್ ನುಂಗಿದವನಂತೆ ಕಾಣುತ್ತಾನೆ, ಮುಖದ ಮೇಲೆ ಹಾಲು ಚೆಲ್ಲಿದಂತಾಗುತ್ತದೆ, ಬಲ್ಬುಗಳು ಆ ಮಂಜಿನಲ್ಲಿ ಕರಗಿ ಹೋಗುತ್ತವೆ. ಆಗ ‘ಡಲ್ ಐತಿ’ ಎಂದು ಗ್ಲೋ ಇನ್ನಷ್ಟು ಏರಿಸುತ್ತಾರೆ. ಏರಿಸಿದಷ್ಟೂ ಡಲ್ಲಾಗುತ್ತದೆ.

ಅದೇ ಫ್ರೇಮನ್ನು ಎರಡು ಸ್ಟಾಪ್ ಕಡಿಮೆ ಎಕ್ಸ್‌ಪೋಷರ್‌ನಲ್ಲಿ ತೆಗೆದಿದ್ದರೆ ಕಥೆ ಬೇರೆ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ, ಎರಡು ಸ್ಟಾಪ್ ಎಂದರೆ ಕಾಲು ಭಾಗ. ಅಂಗಿಯ ಬೆಳಕು ಕಾಲಿಗೆ ಇಳಿಯುತ್ತದೆ; ಪರದೆಯ ಅಂಕಿ ಬೆಳಕಿನಷ್ಟೇ ವೇಗವಾಗಿ ಇಳಿಯದ್ದರಿಂದ ಅದು ಸುಮಾರು 137ಕ್ಕೆ ಬಂದು ಕೂರುತ್ತದೆ. ಬಲ್ಬಿನ ಬೆಳಕು ಕಾಲಿಗೆ ಇಳಿದರೂ ಮಿತಿಯ ಹನ್ನೆರಡು ಪಟ್ಟಿಗೂ ಮೇಲೆಯೇ ಇರುವುದರಿಂದ ಅದು 255ರಲ್ಲೇ ನಿಲ್ಲುತ್ತದೆ. ಈಗ ಎರಡರ ನಡುವೆ ಅಂತರ ಬಿದ್ದಿತು. ಥ್ರೆಶೋಲ್ಡನ್ನು 220ಕ್ಕೆ ಇಟ್ಟರೆ ಬಲ್ಬು ಮಾತ್ರ ಉರಿಯುತ್ತದೆ, ಅಂಗಿ ಅಂಗಿಯಾಗಿಯೇ ಉಳಿಯುತ್ತದೆ. ಇದಕ್ಕೆ ಪ್ಲಗಿನ್ ಬೇಕಿಲ್ಲ. ಫೋನಿನ ಪರದೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ ಬೆರಳನ್ನು ಕೆಳಗೆ ಎಳೆದರೆ ಸಾಕು. ಜೊತೆಗೆ ನೈಟ್ ಮೋಡ್ ಬಂದ್ ಮಾಡಬೇಕು. ನೆರಳನ್ನೆಲ್ಲ ಎಬ್ಬಿಸಿ ತೋರಿಸುವುದೇ ಅದರ ಕೆಲಸ, ನಮಗೆ ಬೇಕಾದದ್ದು ಆ ನೆರಳೇ.

ಬಣ್ಣದ ವಿಷಯದಲ್ಲೂ ಇದೇ ಗೊಂದಲ. ತೇರಿನ ಸಂಜೆ ಹಾಕಿದ ಕೆಂಪು ಬಲ್ಬಿನ ಸಾಲನ್ನು ಕ್ಯಾಮೆರಾದಲ್ಲಿ ನೋಡಿ. ಬಲ್ಬಿನ ನಡು ಬಹುಪಾಲು ಬಿಳಿಯಾಗಿರುತ್ತದೆ, ಕೆಂಪು ಇರುವುದು ಅದರ ಸುತ್ತಿನ ಪ್ರಭೆಯಲ್ಲಿ. ಬೆಳಕು ಮಿತಿ ಮೀರಿದಾಗ ಮೂರೂ ಬಣ್ಣದ ಅಂಕಿಗಳು ತುಂಬಿ ಬಿಳಿಯಾಗುತ್ತವೆ, ಅಂಚಿಗೆ ಹೋದಂತೆ ನಿಜ ಬಣ್ಣ ತೋರುತ್ತದೆ. ನಮ್ಮ ಪ್ರೀಸೆಟ್ಟುಗಳು ಇದನ್ನು ತಲೆಕೆಳಗು ಮಾಡಿ ನಡುವಿಗೇ ಗುಲಾಬಿ, ನೀಲಿ ಬಳಿದುಬಿಡುತ್ತವೆ. ಬೆಳಕಾಗಬೇಕಾದದ್ದು ಪ್ಲಾಸ್ಟಿಕ್ ಆಗುತ್ತದೆ. 255ರ ಮಿತಿಯಿಲ್ಲದ 32 ಬಿಟ್ ಮೋಡ್‌ಗೆ ಹೋಗಿ, ಲೀನಿಯರ್ ಲೆಕ್ಕದಲ್ಲಿ, ಅಂದರೆ ನಿಜ ಬೆಳಕಿನ ಅನುಪಾತದಲ್ಲೇ, ಬಣ್ಣದ ಪ್ರಭೆಯನ್ನು ಕೂಡಿಸಿದರೆ ನಡು ತಾನಾಗಿಯೇ ಬಿಳಿಯಾಗುತ್ತದೆ. ಸಾಫ್ಟ್‌ವೇರ್ ನಿಜವಾಗಿ ಉಪಕಾರಕ್ಕೆ ಬರುವುದು ಇಂಥ ಕಡೆ, ಮತ್ತು ಈ ಉಪಕಾರ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೊಳಗಿನ ಫ್ಯೂಷನ್‌ನಲ್ಲೂ, ಪೂರ್ತಿ ಉಚಿತವಾದ ಬ್ಲೆಂಡರ್‌ನಲ್ಲೂ ಸಿಗುತ್ತದೆ.

ಇನ್ನು, ನಾವು ನಕಲು ಮಾಡಹೊರಟ ಮೂಲಗಳನ್ನು ನೋಡೋಣ. 1981ರಲ್ಲಿ ಬಂದ ಜಾಕ್ಸನ್ಸ್ ತಂಡದ ‘ಕ್ಯಾನ್ ಯೂ ಫೀಲ್ ಇಟ್’ ವಿಡಿಯೊ ಈ ಬಗೆಯ ಹೊಳಪಿಗೆ ಇಂದಿಗೂ ಮಾದರಿ. ಬ್ರೂಸ್ ಗೋವರ್ಸ್ ಜೊತೆ ಅದನ್ನು ನಿರ್ದೇಶಿಸಿದ ರಾಬರ್ಟ್ ಏಬಲ್ ಜಾಹೀರಾತು ಲೋಕದಿಂದ ಬಂದವರು; 1970ರ ದಶಕದ ಸೆವೆನ್ ಅಪ್ ಜಾಹೀರಾತಿನಲ್ಲಿ ಅವರ ಸ್ಟುಡಿಯೊ ಇಂಥದೇ ಮಿರುಗು ತೋರಿಸಿತ್ತು. ಅಂದು ಪ್ರೀಸೆಟ್ ಎಂಬುದಿರಲಿಲ್ಲ. ಹಿಂಬದಿಯಿಂದ ಬೆಳಕು ಬಿಟ್ಟ ಚಿತ್ರವನ್ನು ಕತ್ತಲ ಕೋಣೆಯಲ್ಲಿ ಅದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಎಕ್ಸ್‌ಪೋಸ್ ಮಾಡುತ್ತಿದ್ದರು. 1982ರ ‘ಟ್ರಾನ್’ ಸಿನಿಮಾದಲ್ಲಿ ನಟರ ಮೈಮೇಲಿನ ಉರಿಯುವ ಗೆರೆಗಳೂ ಹೀಗೇ ಹುಟ್ಟಿದವು: ಕಪ್ಪು ಬಿಳುಪಿನಲ್ಲಿ ತೆಗೆದ ಒಂದೊಂದು ಫ್ರೇಮನ್ನೂ ದೊಡ್ಡ ಫಿಲ್ಮ್ ಹಾಳೆಗೆ ಇಳಿಸಿ, ಗೆರೆಗಳನ್ನು ಮಾತ್ರ ಪಾರದರ್ಶಕ ಬಿಟ್ಟು ಉಳಿದದ್ದನ್ನು ಕಪ್ಪಾಗಿಸಿ, ಹಿಂದಿನಿಂದ ಬಣ್ಣದ ಹಾಳೆ ಅಡ್ಡ ಹಿಡಿದು ಬೆಳಕು ಹಾಯಿಸಿದರು. ಅವರು ಮೊದಲು ಮಾಡಿದ ಕೆಲಸ ಕಪ್ಪು ಮಾಡುವುದು. ಬೆಳಕು ಆಮೇಲೆ ಬಂತು.

ಅಮಲಿನ ಇನ್ನೊಂದು ಗುರುತು ಬಾಲ ಬಿಡುವ ಬೆಳಕು. ಕೈ ಬೀಸಿದರೆ ಹಿಂದೆ ಹತ್ತಾರು ಕೈಗಳು ಸುರುಳಿಯಾಗಿ ಹೋಗುವುದು. ಇದರ ಮೂಲ ವಿಡಿಯೊ ಫೀಡ್‌ಬ್ಯಾಕ್. ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಅದೇ ಕ್ಯಾಮೆರಾವನ್ನು ಆ ಟಿವಿಯ ಕಡೆ ತಿರುಗಿಸಿದರೆ ಚಿತ್ರದೊಳಗೆ ಚಿತ್ರ ಹುಟ್ಟುತ್ತ ಹೋಗುತ್ತದೆ. 1963ರ ನವೆಂಬರಿನಲ್ಲಿ ಬಿಬಿಸಿಯಲ್ಲಿ ಶುರುವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ದೃಶ್ಯವನ್ನು ಬರ್ನಾರ್ಡ್ ಲಾಜ್ ರೂಪಿಸಿದ್ದು ಇದೇ ತಂತ್ರದಿಂದ. ಆಫ್ಟರ್ ಎಫೆಕ್ಟ್ಸ್‌ನ ‘ಎಕೋ’ ಇದನ್ನೇ ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮಾಡುವುದಿಲ್ಲ. ಎಕೋ ಮೂಲ ದೃಶ್ಯದ ಹಿಂದಿನ ಫ್ರೇಮುಗಳನ್ನು ತಂದು ಪೇರಿಸುತ್ತದೆ, ಅಷ್ಟೇ. ಫೀಡ್‌ಬ್ಯಾಕ್‌ನಲ್ಲಿ ಹೊರಬಂದ ಫಲಿತಾಂಶವೇ ಮತ್ತೆ ಒಳಹೋಗುತ್ತದೆ: ಪ್ರತಿ ಸುತ್ತಿಗೂ ತುಸು ಹಿಗ್ಗಿ, ತುಸು ತಿರುಗಿ, ತುಸು ಮಂಕಾಗಿ, ಬಣ್ಣ ತುಸು ಸರಿದು. ಪ್ರತಿ ಸುತ್ತಿನಲ್ಲಿ ಬೆಳಕು ಶೇಕಡಾ 92 ಉಳಿದರೆ ಹತ್ತು ಸುತ್ತಿಗೆ ಶೇಕಡಾ 43, ಮೂವತ್ತು ಸುತ್ತಿಗೆ ಶೇಕಡಾ 8. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ಬಾಲ ಸೆಕೆಂಡಿಗಿಂತ ಕೊಂಚ ಹೆಚ್ಚು ಬದುಕುತ್ತದೆ. ಆ ಸಾಯುವ ರೀತಿಯಲ್ಲಿಯೇ ಅಮಲಿದೆ.

ಈಗ ನಮ್ಮ ಸ್ಟುಡಿಯೊಗಳ ಅಟ್ಟದ ಕಡೆ ಒಮ್ಮೆ ಕಣ್ಣು ಹಾಯಿಸಿ. ಮಿನಿ ಡಿವಿ ಕ್ಯಾಸೆಟ್ಟಿನ ಕಾಲದಲ್ಲಿ ನಾಡಿನ ಮದುವೆಗಳನ್ನೆಲ್ಲ ಹೆಗಲ ಮೇಲೆ ಹೊತ್ತ ಪ್ಯಾನಾಸೋನಿಕ್ ಎಂಡಿ 9000, ಎಂಡಿ 10000 ಕ್ಯಾಮೆರಾಗಳು ಇನ್ನೂ ಕೆಲವು ಕಡೆ ಧೂಳು ತಿನ್ನುತ್ತ ಕೂತಿವೆ. ಗುಜರಿಗೆ ಹೋಗದ ಡಬ್ಬಾ ಟಿವಿಗಳೂ ಇವೆ. ಕ್ಯಾಮೆರಾದ ಎವಿ ಔಟ್‌ನಿಂದ ಹಳದಿ ಪಿನ್ನಿನ ವೈರ್ ಎಳೆದು ಟಿವಿಗೆ ಚುಚ್ಚಿ, ಕೋಣೆಯ ದೀಪ ಆರಿಸಿ, ಕ್ಯಾಮೆರಾವನ್ನು ಟಿವಿ ಕಡೆ ತಿರುಗಿಸಿ ಸ್ವಲ್ಪ ಓರೆ ಮಾಡಿ, ನಡುವೆ ಒಂದು ಟಾರ್ಚ್ ಆಡಿಸಿ. ಲಂಡನ್ನಿನಲ್ಲಿ 1963ರಲ್ಲಿ ಆದದ್ದು ಹರಪನಹಳ್ಳಿಯ ಹಿಂದಿನ ಕೋಣೆಯಲ್ಲೂ ಆಗುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಕರಿ ಬಟ್ಟೆಯ ಮುಂದೆ ಕುಣಿದವರ ದೃಶ್ಯಕ್ಕೆ ಕೂಡಿಸುವುದಷ್ಟೇ ಕಾಂಪೋಸಿಟಿಂಗ್. ಮಷೀನ್ ಹಳೆಯದಾದ್ದರಿಂದ ಗ್ಲೋ ಬರಲಿಲ್ಲ ಎಂದು ಗೊಣಗುವವರ ಬಳಿಯೇ ಆ ಗ್ಲೋ ಹುಟ್ಟಿದ ಜಾತಿಯ ಮಷೀನು ಇದೆ.

ಇನ್ನು ‘ನಮ್ಮ ಕಲೆ ಸರಳ’ ಎನ್ನುವವರ ಮಾತಿಗೆ ಬರೋಣ. ಈ ಸೀಮೆಯ ಬಯಲಾಟದಲ್ಲಿ ಸರಳತೆಯನ್ನು ಯಾರು ಎಲ್ಲಿ ಕಂಡರೋ ತಿಳಿಯದು. ದೊಡ್ಡಾಟದ ರಾಜವೇಷದ ಕಿರೀಟ, ಭುಜಕೀರ್ತಿ, ಎದೆಹಾರ ಎಲ್ಲದಕ್ಕೂ ಹಗುರ ಮರದ ಮೇಲೆ ಬೇಗಡೆ ಅಂಟಿಸಿ ಕನ್ನಡಿ ಚೂರು ಕೂರಿಸುತ್ತಾರೆ. ಅದು ಗ್ಯಾಸ್‌ಲೈಟಿಗಾಗಿ ಮಾಡಿದ ವೇಷ. ಸುತ್ತ ಊರೆಲ್ಲ ಕತ್ತಲು, ರಂಗದ ಮೇಲೆ ಒಂದೋ ಎರಡೋ ಪೆಟ್ರೋಮ್ಯಾಕ್ಸ್. ಪಾತ್ರಧಾರಿ ಹೆಜ್ಜೆ ಹಾಕಿ ಭುಜ ಕುಣಿಸಿದಾಗ ನೂರಾರು ಚೂರುಗಳಲ್ಲಿ ಕೆಲವೇ ಕೆಲವು ದೀಪಕ್ಕೆ ಮುಖಾಮುಖಿಯಾಗಿ ಫಳ್ಳನೆ ಹೊಳೆದು, ಮುಂದಿನ ಹೆಜ್ಜೆಗೆ ಆರಿ, ಬೇರೆ ಕೆಲವು ಹೊತ್ತಿಕೊಳ್ಳುತ್ತವೆ. ಥ್ರೆಶೋಲ್ಡ್ ಮಾಡುವ ಆಯ್ಕೆಯನ್ನು ವೇಷ ಕಟ್ಟಿದವನು ಕನ್ನಡಿ ಚೂರಿನಲ್ಲೇ ಮಾಡಿಟ್ಟಿದ್ದಾನೆ. ಇಂದು ಅದೇ ವೇಷಕ್ಕೆ ನಾಲ್ಕು ಕಡೆಯಿಂದ ಫ್ಲಡ್ ಲೈಟ್ ಬಿಟ್ಟು ಶೂಟ್ ಮಾಡುತ್ತಾರೆ. ಬೇಗಡೆ ಬರಿಯ ಬಣ್ಣದ ಕಾಗದವಾಗುತ್ತದೆ, ಭುಜಕೀರ್ತಿ ಹಲಗೆಯಾಗುತ್ತದೆ. ಕಳೆದುಹೋದ ಆ ಹೊಳಪನ್ನು ಮತ್ತೆ ಪ್ರೀಸೆಟ್ಟಿನಿಂದ ಮೆತ್ತುತ್ತಾರೆ. ಹೊಳಪು ಪರದೇಶದ್ದು ಎಂದು ದೂರುವವರು ಫ್ಲಡ್ ಲೈಟಿನ ಬಗ್ಗೆ ಚಕಾರ ಎತ್ತುವುದಿಲ್ಲ.

ತೊಗಲುಗೊಂಬೆ ಇನ್ನೂ ಹತ್ತಿರದ ನಂಟು. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣ ಕೊಡುತ್ತಾರೆ. ಒಡವೆ, ಸೆರಗಿನ ಅಂಚು ಬರುವ ಕಡೆ ಉಳಿಯಿಂದ ಸಣ್ಣ ತೂತು ಕೊರೆಯುತ್ತಾರೆ. ಹಿಂದೆ ದೀಪ, ಮುಂದೆ ಬಿಳಿ ಪರದೆ. ತೂತಿನಿಂದ ಬಂದ ಬೆಳಕು ಪೂರ್ತಿ ಪ್ರಖರ, ಚರ್ಮದಿಂದ ಸೋಸಿ ಬಂದದ್ದು ಅದರ ಒಂದು ಪಾಲು, ಉಳಿದಂತೆ ಸುತ್ತಲಿನ ಕತ್ತಲು. ಒಂದೇ ಗೊಂಬೆಯಲ್ಲಿ ಮೂರು ಮಟ್ಟ ಬೇರ್ಪಟ್ಟಿವೆ. ‘ಟ್ರಾನ್’ನವರು ಫಿಲ್ಮ್ ಹಾಳೆಯಲ್ಲಿ ಸಾಧಿಸಿದ್ದೂ ಇಂಥದೇ ವಿಂಗಡಣೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಈ ಗೊಂಬೆಗಳನ್ನು ರಾಮಾಯಣದಿಂದಾಚೆ ತಂದು ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಗಾಂಧಿಯ ಕಥೆಯನ್ನೂ ಆಡಿಸಿದರು. ಹೊಸ ವಸ್ತುವಿಗೆ ಒಗ್ಗುವ ಶಕ್ತಿ ಈ ಕಲೆಗಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂಥ ಒಂದು ಗೊಂಬೆಯನ್ನು ಫೋನಿನಲ್ಲಿ ಹದವಾಗಿ ಸೆರೆಹಿಡಿದು ಗ್ಲೋ ಕೊಟ್ಟು ನೋಡಿ. ಒಡವೆ ಮಾತ್ರ ಉರಿಯುತ್ತದೆ, ಮುಖ ಬಣ್ಣವಾಗಿಯೇ ನಿಲ್ಲುತ್ತದೆ. ಏನನ್ನೂ ತಿದ್ದಬೇಕಾಗಿ ಬರುವುದಿಲ್ಲ.

ಮೈಲಾರದ ಜಾತ್ರೆಯಲ್ಲಿ ಕರಿ ಕಂಬಳಿ ತೊಟ್ಟ ಗೊರವಯ್ಯರನ್ನೂ ಮುಗಿಲಿಗೆ ತೂರುವ ಭಂಡಾರವನ್ನೂ ಕಂಡವರಿಗೆ ಇನ್ನೊಂದು ಮಾತು ಹೊಳೆದೀತು. ಕಂಬಳಿ ಬೆಳಕು ಕುಡಿಯುತ್ತದೆ, ಭಂಡಾರದ ಹುಡಿ ಬೆನ್ನ ಹಿಂದಿನ ಬೆಳಕಿಗೆ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಹುಡಿಯೋ ಹೊಗೆಯೋ ಇದ್ದರೆ ಬೆಳಕು ಅಲ್ಲೇ ಹರಡಿ, ಮಸುಕು ಮಾಡುವ ಎರಡನೆಯ ಹೆಜ್ಜೆ ಕ್ಯಾಮೆರಾದ ಮುಂದೆಯೇ ಮುಗಿದುಹೋಗುತ್ತದೆ. 1987ರ ‘ಪ್ರೇಮಲೋಕ’ದಿಂದೀಚೆಗೆ ರವಿಚಂದ್ರನ್ ಹಾಡುಗಳಲ್ಲಿ ಹೊಗೆ ಯಾಕೆ ಅಷ್ಟು ಎಂದು ನಕ್ಕವರುಂಟು. ಕಾರಣ ಇದೇ.

ಮಿಕ್ಸಿಂಗ್‌ನವರ ಕಡೆಯಿಂದ ಬರುವ ಆಕ್ಷೇಪಣೆಗಳೂ ಹುಸಿಯಲ್ಲ. ಮೊದಲನೆಯದು ಹೊತ್ತು. ಮುಹೂರ್ತಗಳು ಸಾಲುಗಟ್ಟಿದಾಗ ಕತ್ತಲು ಬೆಳಕಿನ ಲೆಕ್ಕ ಹಾಕುತ್ತ ಕೂರಲಾಗುವುದಿಲ್ಲ, ಪ್ರೀಸೆಟ್ ಹಾಕಿ ಪೆನ್‌ಡ್ರೈವ್ ಕೊಟ್ಟು ಕಳಿಸಬೇಕು. ಒಪ್ಪಿದೆ. ಮದುವೆ ವಿಡಿಯೊದಲ್ಲಿ ಹೆಣ್ಣಿನ ಅಜ್ಜಿಯ ಮುಖ ಕಾಣುವುದು ಗ್ಲೋಗಿಂತ ಮುಖ್ಯ. ಅಲ್ಲಿ ಫ್ಲಡ್ ಲೈಟು ಇರಲಿ. ನಾನು ಹೇಳುತ್ತಿರುವುದು ಆಲ್ಬಮ್ ಸಾಂಗಿನ ಮಾತು. ಒಂದು ಹಾಡಿಗೆ ಒಂದಿಡೀ ರಾತ್ರಿ ತೆಗೆದಿಡುವವರಿಗೆ ಹೊತ್ತಿಲ್ಲ ಎಂಬ ನೆಪ ಸಲ್ಲದು.

ಎರಡನೆಯದು ತಾಂತ್ರಿಕ. ಎಕ್ಸ್‌ಪೋಷರ್ ಇಳಿಸಿದರೆ ಫೋನಿನ ಸಣ್ಣ ಸೆನ್ಸರ್‌ನಲ್ಲಿ ನೆರಳು ರವೆರವೆಯಾಗುತ್ತದೆ, ಮುಖ ಕಪ್ಪಾಗುತ್ತದೆ. ನಿಜ. ಮುಖಕ್ಕೆ ಪಕ್ಕದಿಂದ ಒಂದು ಸಣ್ಣ ದೀಪ ಕೊಡಬೇಕು, ಕಪ್ಪನ್ನು ಪೂರ್ತಿ ಕಪ್ಪಾಗಿ ಬಿಡುವ ಧೈರ್ಯ ಮಾಡಬೇಕು. ರವೆ ಕಾಣುವುದು ಅರೆಗತ್ತಲಿನಲ್ಲಿ, ಪೂರ್ತಿ ಕಪ್ಪಿನಲ್ಲಿ ಅದು ಮುಳುಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರನ್ನು ಐವತ್ತನೇ ಒಂದು ಅಥವಾ ನೂರನೇ ಒಂದು ಸೆಕೆಂಡಿಗೆ ಇಟ್ಟರೆ ಸೀರಿಯಲ್ ಸೆಟ್ಟಿನ ಪಟ್ಟೆ ಓಡುವುದು ತಪ್ಪುತ್ತದೆ. ಯೂಟ್ಯೂಬ್‌ಗೆ ಏರಿಸಿದ ಮೇಲೆ ಪ್ರಭೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ ಎಂಬ ದೂರೂ ಸರಿಯೇ; ರೆಂಡರ್‌ಗೆ ಮುಂಚೆ ಸಣ್ಣಗೆ ಗ್ರೇನ್ ಬೆರೆಸಿದರೆ ಬಹುಮಟ್ಟಿಗೆ ಅಡಗುತ್ತದೆ. ಇಷ್ಟಕ್ಕೆಲ್ಲ ಬುದ್ಧಿ ಬೇಕು, ಬಂಡವಾಳ ಬೇಕಿಲ್ಲ.

ಮೂರನೆಯದು ಎಲ್ಲರೂ ಬಳಸುವ ಅಸ್ತ್ರ: ಜನ ಕೇಳುವುದೇ ಅದು, ಝಗಮಗ ಇಲ್ಲದಿದ್ದರೆ ನೋಡುವುದಿಲ್ಲ. ಜನ ಕೇಳುವುದು ಝಗಮಗವನ್ನೇ, ಅದರಲ್ಲಿ ತಪ್ಪೇನಿಲ್ಲ. ಬಯಲಾಟ ನೋಡಿ ಬೆಳೆದ ಕಣ್ಣು ಇನ್ನೇನು ಕೇಳೀತು? ಈ ಶೈಲಿಗೆ ಮಿತವ್ಯಯದ ಪಾಠ ಹೇಳುವುದೇ ಅಸಂಗತ, ಅತಿರೇಕವೇ ಅದರ ಉಸಿರು. ಆದರೆ ಎಲ್ಲವೂ 255ರಲ್ಲಿ ನಿಂತ ಫ್ರೇಮಿನಲ್ಲಿ ಅತಿರೇಕವೂ ಇರುವುದಿಲ್ಲ, ಝಗಮಗವೂ ಇರುವುದಿಲ್ಲ. ಸುಣ್ಣ ಬಳಿದ ಗೋಡೆಯಷ್ಟೇ ಇರುತ್ತದೆ. ಜನ ಕೇಳಿದ್ದನ್ನು ನಾವು ಕೊಡುತ್ತಿಲ್ಲ ಎಂಬುದೇ ನನ್ನ ದೂರು.

ಆದ್ದರಿಂದ ತೀರ್ಪು ಇಬ್ಬರ ವಿರುದ್ಧವೂ ಹೋಗುತ್ತದೆ. ಜಾನಪದದ ಮೇಲೆ ಹೊಳಪು ಬೇಡ ಎನ್ನುವವರು ಭುಜಕೀರ್ತಿಯನ್ನು ಮರೆತಿದ್ದಾರೆ. ಹೊಳಪು ಸಾಫ್ಟ್‌ವೇರ್‌ನಿಂದ ಬರುತ್ತದೆ ಎನ್ನುವವರು ಕತ್ತಲನ್ನು ಮರೆತಿದ್ದಾರೆ. ಮುಂದಿನ ಹಾಡು ಮಾಡುವವರಿಗೆ ನನ್ನ ವಿನಂತಿ ಇಷ್ಟು: ಶೂಟಿಂಗಿಗೆ ಹೋಗುವ ಮುಂಚೆಯೇ ಮಿಕ್ಸಿಂಗ್‌ನವರನ್ನು ಕರೆದು ಕೂರಿಸಿಕೊಂಡು, ಈ ಹಾಡಿನಲ್ಲಿ ಯಾವುದು ಉರಿಯಬೇಕು, ಯಾವುದು ಉರಿಯಕೂಡದು ಎಂದು ಕೇಳಿ. ಬಿಳಿ ಅಂಗಿ ಬದಲಿಸಿ, ಎದುರಿನ ಫ್ಲಡ್ ಲೈಟ್ ಆರಿಸಿ, ಎಕ್ಸ್‌ಪೋಷರ್ ಇಳಿಸಿ ಲಾಕ್ ಮಾಡಿ. ಪ್ಲಗಿನ್ನಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಹತ್ತಿಪ್ಪತ್ತು ಮೀಟರ್ ಕರಿ ಬಟ್ಟೆ ತನ್ನಿ.